ವಡಾಲದ ನಕ್ಷೆ ತೋಟ

ಆ ತೋಟವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಿಡಗಳು ಯಾರಿಗೂ ಏನೂ ಮಾಡಿರಲಿಲ್ಲ. ಉರಿಯುವುದು ಅದನ್ನು ಮಾಡಿಸಿದವರನ್ನು ನೆನೆದಾಗ, ಮಾಡುವಾಗ ಕತ್ತರಿ ಹಿಡಿದು ಚಾಪೆಯ ಮೇಲೆ ಕೂತಿದ್ದ ನನ್ನನ್ನು ನೆನೆದಾಗ. ಆ ಮಹನೀಯರಲ್ಲಿ ಹೆಚ್ಚಿನವರು ಈಗ ಇಲ್ಲ. ಅದಕ್ಕಾಗಿ ಅವರ ಮೇಲಿನ ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳಬೇಕೆಂದು ನನಗೆ ಅನ್ನಿಸಿಲ್ಲ.

ಐವತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಬಿಜಾಪುರದಿಂದ ಮುಂಬಯಿಗೆ ಬಂದೆ. ಗಂಡ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತರು. ವಡಾಲದ ಚಾಳಿನಲ್ಲಿ ಒಂದು ಖೋಲಿ. ಧಾರವಾಡದಲ್ಲಿ ಮಾಸ್ತರಕಿಯ ಟ್ರೇನಿಂಗ್ ಮುಗಿಸಿದ್ದರಿಂದ ಹತ್ತಿರದ ಕನ್ನಡ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಶಾಲೆ ಎಂದರೆ ರೈಲು ಹಳಿಯ ಆಚೆ, ಉಪ್ಪಿನ ಆಗರಗಳಿಗೆ ಹೋಗುವ ದಾರಿಯಲ್ಲಿ, ತಗಡಿನ ಮಾಡಿನ ಐದು ಕೋಣೆಗಳು. ಒಂದರಿಂದ ಏಳನೆಯ ಇಯತ್ತೆಯವರೆಗೆ ಪಾಠ. ಮಕ್ಕಳಲ್ಲಿ ಅರ್ಧ ಮಾಟುಂಗಾ, ವಡಾಲದ ಹೋಟೆಲುಗಳಲ್ಲಿ ದುಡಿಯುವ ಉಡುಪಿ, ಮಂಗಳೂರು ಕಡೆಯವರ ಮಕ್ಕಳು. ಇನ್ನರ್ಧ ನಮ್ಮ ಕಡೆಯವರು, ಬೆಳಗಾವಿ, ಧಾರವಾಡ, ಬಿಜಾಪುರದವರು. ಮನೆಯಲ್ಲಿ ತುಳು, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಮಾತಾಡುವ ಆ ಮಕ್ಕಳು ಮೂರನ್ನೂ ಕಲಸಿ ನಾಲ್ಕನೆಯ ಒಂದು ಭಾಷೆ ಮಾಡಿಕೊಂಡಿದ್ದರು. ಮುಂಬಯಿಯಲ್ಲಿ ಹೆಣ್ಣು ಮಾಸ್ತರರನ್ನು ‘ಬಾಯಿ’ ಎಂದು ಕರೆಯುತ್ತಾರೆ. ನಾನು ಹೆಸರಿಗೆ ಮಾತ್ರ ಬಾಯಿ. ದೊಡ್ಡವರ ಮುಂದೆ ಅದು ತೆರೆಯುತ್ತಿರಲಿಲ್ಲ.

ಹೆಡ್‌ಮಾಸ್ತರರೇ ಚಿತ್ರಕಲೆಯನ್ನೂ ಕಲಿಸುತ್ತಿದ್ದರು. ಯಾವ ಕಾಲದಲ್ಲೋ ಸರ್ಕಾರಿ ಚಿತ್ರಕಲಾ ಪರೀಕ್ಷೆ ಪಾಸು ಮಾಡಿದ್ದರು. ಆ ಮೇಲೆ ಅವರ ಕೈಯಿಂದ ಮೂರೇ ಚಿತ್ರಗಳು ಬಂದವು. ಕಮಲ, ಗಿಳಿ, ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ. ಬಣ್ಣದ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು, ಇದನ್ನೇ ಬರೆಯಿರಿ ಎಂದು ಹೇಳಿ, ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಕಿಟಕಿಯ ಆಚೆ ದಿನಾ ಸೂರ್ಯ ಉಪ್ಪಿನ ರಾಶಿಗಳ ಹಿಂದಿನಿಂದ ಏಳುತ್ತಿದ್ದ. ಒಂದು ಮಗು ಹಾಗೆ ಬರೆದದ್ದಕ್ಕೆ, ಗುಡ್ಡ ಎಲ್ಲಿ ಎಂದು ಕೇಳಿ ಅದರ ಕಿವಿ ಹಿಂಡಿದ್ದನ್ನು ನಾನೇ ನೋಡಿದ್ದೇನೆ.

ನನ್ನ ಪಾಲಿಗೆ ಬಂದದ್ದು ಮೇಲಿನ ತರಗತಿಗಳ ನಿಸರ್ಗ ಪಾಠ. ಪುಸ್ತಕದಲ್ಲಿ ದಾಸವಾಳದ ಭಾಗಗಳಿದ್ದವು. ನನಗೆ ಅದನ್ನು ಬಾಯಿಪಾಠ ಮಾಡಿಸಿ ಬೇಸರವಾಗಿತ್ತು. ಶಾಲೆಯ ಹಿಂದೆ ಒಂದಿಷ್ಟು ಖಾಲಿ ಜಾಗವಿತ್ತು. ಅದರ ಅಂಚಿನಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನೀರು ಏರಿಳಿಯುವ ಒಂದು ಗಟಾರ. ಮೊದಲ ವರ್ಷ ಮಳೆ ಬಿದ್ದ ಮೇಲೆ ಮಕ್ಕಳು ಅಲ್ಲಿ ಅವರೆ, ಬೆಂಡೆ, ಹೀರೆ ಬೀಜ ಹಾಕಿದರು. ಎಲ್ಲ ಚೆನ್ನಾಗಿಯೇ ಬಂತು. ಮಳೆ ನಿಂತು ದಸರೆ ಕಳೆದು ಬಿಸಿಲು ಬಿದ್ದಾಗ ನೆಲದ ಮೇಲೆ ಬಿಳಿ ಪುಡಿ ಮೂಡಿತು. ಎಲೆಗಳ ಅಂಚು ಸುಟ್ಟಂತೆ ಕಂದಾಯಿತು. ಹತ್ತೇ ದಿನದಲ್ಲಿ ಒಂದು ಗಿಡವೂ ಉಳಿಯಲಿಲ್ಲ. ಮಕ್ಕಳು ಗಟಾರದ ನೀರನ್ನೂ ಅಗೆದ ಗುಂಡಿಯ ನೀರನ್ನೂ ತಟ್ಟೆಗಳಲ್ಲಿ ಹಾಕಿ ಬಿಸಿಲಿಗಿಟ್ಟರು. ನೀರು ಆರಿದ ಮೇಲೆ ತಟ್ಟೆಯಲ್ಲಿ ಉಪ್ಪು ಉಳಿಯಿತು. ಮಳೆಗಾಲದಲ್ಲಿ ಸಿಹಿ ನೀರು ಉಪ್ಪನ್ನು ಕೆಳಗೆ ತಳ್ಳುತ್ತದೆ, ಬಿಸಿಲಿನಲ್ಲಿ ಅದು ಮತ್ತೆ ಮೇಲೇರುತ್ತದೆ ಎಂಬುದು ಅವರಿಗೂ ನನಗೂ ಒಟ್ಟಿಗೇ ತಿಳಿಯಿತು. ಯಾವ ಪುಸ್ತಕದಿಂದಲೂ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ.

ಆ ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಂದೆ ಮಾಟುಂಗಾದ ಹೋಟೆಲೊಂದರಲ್ಲಿ ಅಡಿಗೆಯವರು. ಉಡುಪಿ ಕಡೆಯವರು. ಅವಳದ್ದು ಮಾತು ಕಡಿಮೆ, ಆದರೆ ಆಡಿದರೆ ನೇರ ಮಾತು. ತನ್ನ ತಾಯಿಯನ್ನು ಕೇಳಿಕೊಂಡು ಬಂದು, ನೆಲದಲ್ಲಿ ಹಾಕಬಾರದಂತೆ, ಪೆಟ್ಟಿಗೆಯಲ್ಲಿ ಹಾಕಬೇಕಂತೆ, ತಳಕ್ಕೆ ತೆಂಗಿನ ಸಿಪ್ಪೆ ಹಾಸಿದರೆ ಉಪ್ಪು ಮೇಲೆ ಬರುವುದಿಲ್ಲವಂತೆ ಎಂದು ತಿಳಿಸಿದಳು. ಹೋಟೆಲಿನಲ್ಲಿ ಸಿಪ್ಪೆಗೆ ಏನು ಕಡಿಮೆ? ಮಾರ್ಕೆಟ್ಟಿನಿಂದ ಒಡೆದ ಹಣ್ಣಿನ ಪೆಟ್ಟಿಗೆಗಳು ಬಂದವು. ಮಾಟುಂಗಾದಲ್ಲಿ ಹೊಸ ಬಿಲ್ಡಿಂಗಿಗೆ ಪಾಯ ತೋಡಿದ ಕಡೆಯಿಂದ ಮಕ್ಕಳು ಚೀಲಗಳಲ್ಲಿ ಕೆಂಪು ಮಣ್ಣು ಹೊತ್ತರು. ಆ ವರ್ಷ ಬೇಸಿಗೆಯಲ್ಲೂ ಪೆಟ್ಟಿಗೆಗಳಲ್ಲಿ ಹಸಿರು ನಿಂತಿತು. ಅವಳು ಊರಿನಿಂದ ತರಿಸಿ ನೆಟ್ಟ ಬಸಳೆ ಬಳ್ಳಿ ಕೋಣೆಯ ಕಿಟಕಿಯ ಸರಳುಗಳನ್ನು ಹಿಡಿದು ಮಾಡಿಗೆ ಏರಿತು.

ಶನಿವಾರ ಅರ್ಧ ದಿನ. ಅಂದು ಎಲ್ಲರೂ ಹಿಂದೆ ಹೋಗಿ ಕಂಡದ್ದನ್ನು ತಮ್ಮ ಪುಸ್ತಕದಲ್ಲಿ ಚಿತ್ರ ಬರೆಯಬೇಕು ಎಂದು ನಾನು ನಿಯಮ ಮಾಡಿದ್ದೆ. ಎಲೆಯಲ್ಲಿ ತೂತಿದ್ದರೆ ತೂತು ಬರೆಯಬೇಕು. ಹುಳು ಕಂಡರೆ ಹುಳು. ಅಂದಾಜಿನಲ್ಲಿ ಬರೆಯಬಾರದು. ಆ ಹುಡುಗಿಯ ಪುಸ್ತಕ ಎಲ್ಲರಿಗಿಂತ ಬೇರೆಯಾಗಿತ್ತು. ಗಟಾರದ ಅಂಚಿನಲ್ಲಿ ಒಂದೇ ದೊಡ್ಡ ಕೊಂಡಿಯ ಸಣ್ಣ ಏಡಿಗಳಿದ್ದವು. ಅವುಗಳ ಒಂದು ಬಿಲದ ಮುಂದೆ ಅವಳು ಮೂರು ಶನಿವಾರ ಕೂತು ಏಡಿ ಹೊರಬರುವುದು, ಮಣ್ಣಿನ ಗುಳಿಗೆ ಮಾಡಿಡುವುದು, ನೆರಳು ಬಿದ್ದೊಡನೆ ಒಳಗೋಡುವುದು ಎಲ್ಲವನ್ನೂ ಬರೆದಿದ್ದಳು. ಬಸಳೆಯ ಕುಡಿ ಸರಳಿಗೆ ಯಾವ ಕಡೆಯಿಂದ ಸುತ್ತುತ್ತದೆ ಎಂಬುದನ್ನೂ ಬರೆದಿದ್ದಳು. ನಾನು ಒಮ್ಮೆ ಅದನ್ನು ಹೆಡ್‌ಮಾಸ್ತರರಿಗೆ ತೋರಿಸಿದೆ. ಅವರು ಪುಟ ತಿರುವಿ, ಏಡಿ ಬರೆಯುವುದು ಕಲೆಯಲ್ಲ, ಪರೀಕ್ಷೆಯಲ್ಲಿ ಏಡಿ ಕೇಳುವುದಿಲ್ಲ ಎಂದು ಹೇಳಿ ವಾಪಸು ಕೊಟ್ಟರು.

ಕನ್ನಡ ನಾಡು ಒಂದಾಗುತ್ತದೆ ಎಂದು ಎಲ್ಲ ಕಡೆ ಮಾತು ಹಬ್ಬಿದ್ದ ವರ್ಷ ಅದು. ಮುಂಬಯಿ ಯಾರದ್ದು ಎಂಬ ಜಗಳದಲ್ಲಿ ಊರು ಆಗಾಗ ಬಾಗಿಲು ಮುಚ್ಚುತ್ತಿತ್ತು. ನಮ್ಮ ಶಾಲೆಯ ಆಡಳಿತ ಮಂಡಳಿಗೆ ಈ ಹೊತ್ತಿನಲ್ಲಿ ತಾನೂ ಏನಾದರೂ ಮಾಡಬೇಕು ಅನ್ನಿಸಿತು. ಮಂಡಳಿಯ ಅಧ್ಯಕ್ಷರು ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿ. ಕಾರ್ಯದರ್ಶಿ ಉಡುಪಿಯವರು, ಆ ಹುಡುಗಿಯ ತಂದೆ ಕೆಲಸ ಮಾಡುತ್ತಿದ್ದ ಹೋಟೆಲಿನ ಮಾಲೀಕರು. ಜೂನ್ ತಿಂಗಳಲ್ಲಿ ಇಬ್ಬರೂ ಹಿಂದಿನ ಜಾಗ ನೋಡಲು ಬಂದರು. ಅಲ್ಲಿ ಒಂದಾದ ಕರ್ನಾಟಕದ ನಕ್ಷೆಯ ಆಕಾರದಲ್ಲಿ ತೋಟ ಮಾಡುವುದು, ಒಂದೊಂದು ಜಿಲ್ಲೆಗೆ ಒಂದೊಂದು ಹೂವು ನೆಡುವುದು, ನಾಡು ಒಂದಾದ ಮೇಲೆ ಊರಿನ ಕಡೆಯ ದೊಡ್ಡ ನಾಯಕರೊಬ್ಬರನ್ನು ಕರೆಸಿ ಉದ್ಘಾಟನೆ ಮಾಡಿಸುವುದು ಎಂದು ತೀರ್ಮಾನವಾಗಿತ್ತು.

ಅಧ್ಯಕ್ಷರು ಕೊಡೆಯ ತುದಿಯಿಂದ ಪೆಟ್ಟಿಗೆಯೊಂದನ್ನು ಮುಟ್ಟಿದರು.

“ಇದೇನ್ರೀ ಬಾಯಾರ, ಕಾಯಿಪಲ್ಲೆ ಅಂಗಡಿ ಆದಂಗ ಆಗೇದ. ಇದನ್ನೆಲ್ಲಾ ತಗಸಿಬಿಡ್ರಿ.”

ಪೆಟ್ಟಿಗೆಗಳಲ್ಲಿ ಯಾಕೆ ನೆಟ್ಟಿದ್ದೇವೆ ಎಂದು ನಾನು ವಿವರಿಸಲು ಹೊರಟೆ. ಉಪ್ಪು ಎಂಬ ಮಾತು ನನ್ನ ಬಾಯಿಂದ ಹೊರಟಾಗ ಅವರು ಕಾರ್ಯದರ್ಶಿಯವರ ಜೊತೆ ನಾಯಕರ ಕಾರು ಎಲ್ಲಿ ನಿಲ್ಲಬೇಕು ಎಂಬ ಚರ್ಚೆಯಲ್ಲಿದ್ದರು. ಮರುದಿನ ಮಕ್ಕಳ ಕೈಯಿಂದಲೇ ಪೆಟ್ಟಿಗೆಗಳನ್ನು ಖಾಲಿ ಮಾಡಿಸಲಾಯಿತು. ಹುಡುಗಿ ತನ್ನ ಬಸಳೆಯನ್ನು ತಾನೇ ಬಿಡಿಸುತ್ತೇನೆಂದು ಕೇಳಿ, ಕುಡಿಗಳು ಮುರಿಯದ ಹಾಗೆ ಒಂದೊಂದಾಗಿ ಸರಳಿನಿಂದ ಬಿಚ್ಚುತ್ತಿದ್ದಳು. ಅಷ್ಟು ನಿಧಾನ ಹೆಡ್‌ಮಾಸ್ತರರಿಗೆ ಆಗಲಿಲ್ಲ. ಬುಡ ಹಿಡಿದು ಎಳೆದರು. ಆ ಸೊಪ್ಪನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಹೋದರು. ಮರುದಿನ ಹುಳಿ ಬಹಳ ರುಚಿಯಾಗಿತ್ತು ಎಂದು ನನಗೇ ಹೇಳಿದರು.

ಹೆಡ್‌ಮಾಸ್ತರರು ಸುಣ್ಣದ ಪುಡಿಯಿಂದ ನೆಲದ ಮೇಲೆ ನಕ್ಷೆ ಬರೆದರು. ಅವರ ನಾಲ್ಕನೆಯ ಚಿತ್ರ ಅದು. ಯಾವ ಜಿಲ್ಲೆಗೆ ಯಾವ ಹೂವು ಎಂದು ನಿರ್ಧರಿಸುವುದಕ್ಕೆ ಮಂಡಳಿ ಮೂರು ಭಾನುವಾರ ಸೇರಿತು. ಮಲ್ಲಿಗೆ ಮೈಸೂರಿಗೆ ಎಂದು ಅಧ್ಯಕ್ಷರು, ಉಡುಪಿ ಇರುವ ಕರಾವಳಿ ಜಿಲ್ಲೆಗೆ ಎಂದು ಕಾರ್ಯದರ್ಶಿಯವರು. ದೊಡ್ಡ ದೊಡ್ಡ ಮನುಷ್ಯರು ಬೆವರು ಒರೆಸಿಕೊಳ್ಳುತ್ತಾ ಒಂದು ಮಲ್ಲಿಗೆಗಾಗಿ ಕೂಗಾಡಿದರು. ಕೊನೆಗೆ ಎರಡೂ ಕಡೆ ಮಲ್ಲಿಗೆ ಎಂದಾಯಿತು. ಬೆಳಗಾವಿಗೆ ಗುಲಾಬಿ ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಬಿಜಾಪುರಕ್ಕೆ ಏನು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಜೋಳ ಎಂದೆ. ಜೋಳ ಶೋಭೆ ಕೊಡುವುದಿಲ್ಲ ಎಂದು ಅಧ್ಯಕ್ಷರು ನಕ್ಕರು. ನನ್ನ ಊರಿನ ಪಾಲಿಗೆ ಬಂದದ್ದು ಕ್ರೋಟನ್, ಅದೂ ಹೂವು ಬಿಡದ ಬಣ್ಣದ ಎಲೆಯ ಗಿಡ.

ಇನ್ನೊಂದು ವಿಷಯ ಹೇಳಲೇಬೇಕು. ಅಧ್ಯಕ್ಷರು ಬಂದಾಗಲೆಲ್ಲ ಬೆಳಗಾವಿಯ ಕಡೆಯ ಸುಣ್ಣದ ಗೆರೆಯನ್ನು ಬೂಟಿನಿಂದ ಒರೆಸಿ ಒಂದು ಗೇಣು ಆಚೆಗೆ ಹಾಕಿಸುತ್ತಿದ್ದರು. ಅದನ್ನು ಕಂಡ ಕಾರ್ಯದರ್ಶಿಯವರು ಕಾಸರಗೋಡಿನ ಗೆರೆಯನ್ನು ಕೆಳಗೆ ಇಳಿಸಿದರು. ಜುಲೈ ಮುಗಿಯುವ ಹೊತ್ತಿಗೆ ನಮ್ಮ ಕರ್ನಾಟಕ ಒಂದು ಕಡೆ ಗೋಡೆಗೆ ತಾಗಿತ್ತು, ಇನ್ನೊಂದು ಕಡೆ ಗಟಾರಕ್ಕೆ ಇಳಿದಿತ್ತು. ಭೂಗೋಳದ ಪಾಠದಲ್ಲಿ ಮಕ್ಕಳಿಗೆ ಯಾವ ನಕ್ಷೆ ತೋರಿಸಲಿ ಎಂದು ನಾನು ಹೆಡ್‌ಮಾಸ್ತರರನ್ನು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಮಳೆಯಲ್ಲಿ ಎಲ್ಲ ಗಿಡಗಳೂ ಹಿಡಿದವು. ಆಗಸ್ಟಿನಲ್ಲಿ ಗುಲಾಬಿ ಮೊಗ್ಗು ಬಿಟ್ಟಿತು. ಅಧ್ಯಕ್ಷರು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆತಂದು ತೋರಿಸಿದರು. ಉಪ್ಪಿನ ಜಾಗ ಅಂತಿದ್ರಲ್ಲ ಬಾಯಾರ ಎಂದು ನನ್ನನ್ನು ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಏಳನೆಯ ಇಯತ್ತೆಯ ಮಕ್ಕಳು ನಗುತ್ತಿರಲಿಲ್ಲ. ಅವರು ದಸರೆಗಾಗಿ ಕಾಯುತ್ತಿದ್ದರು. ಮಕ್ಕಳು ಒಂದು ತೋಟ ಸಾಯುವುದಕ್ಕೆ ಅಷ್ಟು ಖಚಿತವಾಗಿ ಕಾಯುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ದಸರೆ ಕಳೆಯಿತು. ಬಿಳಿ ಪುಡಿ ಮೊದಲು ಗಟಾರದ ಕಡೆಯಿಂದ ಬಂತು. ಕರಾವಳಿಯ ಮಲ್ಲಿಗೆ ಹೋಯಿತು, ನಂತರ ಮೈಸೂರಿನದ್ದು. ಗುಲಾಬಿಯ ಎಲೆಗಳು ಹೊಗೆ ಹಿಡಿದ ಹಾಗೆ ಕಪ್ಪಾದವು. ಹೆಚ್ಚು ನೀರು ಹಾಕಿ ಎಂದು ಹೆಡ್‌ಮಾಸ್ತರರು ಗುಂಡಿಯ ನೀರನ್ನೇ ಹೊಯ್ಯಿಸಿದರು. ಅದೇ ಉಪ್ಪು ನೀರು. ಎರಡು ವಾರದಲ್ಲಿ ಕ್ರೋಟನ್ ಒಂದು ಬಿಟ್ಟು ಎಲ್ಲವೂ ಸತ್ತವು. ನನಗೆ ಒಳಗೊಳಗೆ ಸ್ವಲ್ಪ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಸುದ್ದಿ ತಿಳಿದು ಅಧ್ಯಕ್ಷರು ಬಂದರು. ಸತ್ತ ಗುಲಾಬಿಗಳನ್ನು ನೋಡುತ್ತಾ ಹಿಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ಕಣ್ಣು ತೇವವಾಗಿತ್ತು. ನಮ್ಮೂರಿನ ಮಣ್ಣಿನಲ್ಲಿ ಕೋಲು ಚುಚ್ಚಿದರೂ ಚಿಗುರುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದರು. ಆ ಒಂದು ಗಳಿಗೆ ನನಗೆ ಅವರ ಮೇಲೆ ಕನಿಕರ ಬಂತು. ಮಗಳು, ಮೊಮ್ಮಕ್ಕಳು ಮರಾಠಿಯಲ್ಲೇ ಮಾತಾಡುವ ಮನೆ ಅವರದ್ದು ಎಂದು ಕೇಳಿದ್ದೆ.

ಆಗ ಆ ಹುಡುಗಿ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಬಂದಳು. ನಾನು ಹೇಳಿ ಕಳಿಸಿರಲಿಲ್ಲ. ಎರಡು ದಿನದ ಹಿಂದೆ ತಾನೇ ನಕ್ಷೆಯ ನಡುವಿನ ಗುಂಡಿಯಿಂದ ನೀರು ತೆಗೆದು ಬಿಸಿಲಿಗಿಟ್ಟಿದ್ದಳಂತೆ. ತಟ್ಟೆಯ ತಳ ಬೆಳ್ಳಗಿತ್ತು.

“ಇದು ನೋಡಿ, ಉಪ್ಪು,” ಎಂದಳು. “ಮಣ್ಣಲ್ಲೇ ಉಂಟು. ಬೇರು ಸುಟ್ಟು ಹೋಗ್ತದೆ. ಪೆಟ್ಟಿಗೆ ಇಟ್ಟು ತಳಕ್ಕೆ ಸಿಪ್ಪೆ ಹಾಕಿದ್ರೆ ಬದುಕ್ತದೆ. ನಾವು ಮಾಡಿ ನೋಡಿದ್ದೇವೆ.”

ಅಧ್ಯಕ್ಷರು ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡರು. ಯಾರ ಮಗಳು ಎಂದು ಕೇಳಿದರು. ಹೆಡ್‌ಮಾಸ್ತರರು ಹೇಳಿದರು.

“ಹಂಗ ಹೇಳ್ರಿ ಮತ್ತ. ಅಡಗೀಯವರ ಮಗಳು, ಉಪ್ಪಿನ ರುಚಿ ಗೊತ್ತಿರಬೇಕಲ್ಲ.”

ಹೆಡ್‌ಮಾಸ್ತರರು ಜೋರಾಗಿ ನಕ್ಕರು. ನಾನೂ ತುಟಿ ಅಗಲಿಸಿದೆ. ಹುಡುಗಿ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ ತಟ್ಟೆ ತೆಗೆದುಕೊಂಡು ಹೋದಳು. ನನ್ನ ಕನಿಕರ ಅಲ್ಲಿಗೆ ಮುಗಿಯಿತು. ಅಧ್ಯಕ್ಷರು ಕಣ್ಣು ಒರೆಸಿಕೊಂಡು ಎದ್ದರು. ಸಮಾರಂಭಕ್ಕೆ ಮೂರು ವಾರ ಉಳಿದಿತ್ತು. ಕಾಗದದ ಹೂವು ಮಾಡಿ ಕಟ್ಟಿದರೆ ದೂರದಿಂದ ತಿಳಿಯುವುದಿಲ್ಲ ಎಂದು ಹೆಡ್‌ಮಾಸ್ತರರು ಸೂಚಿಸಿದರು. ಚಿತ್ರಕಲೆಗೂ ಕರಕುಶಲಕ್ಕೂ ಇದರಿಂದ ಉತ್ತೇಜನ ಸಿಗುತ್ತದೆ ಎಂದೂ ಸೇರಿಸಿದರು.

ಮೂರು ವಾರ ಶಾಲೆಯಲ್ಲಿ ಪಾಠ ನಡೆಯಲಿಲ್ಲ. ಬಣ್ಣದ ಸುಕ್ಕು ಕಾಗದದ ಸುರುಳಿಗಳು ಬಂದವು. ಕೋಣೆಗಳಲ್ಲಿ ಚಾಪೆ ಹಾಸಿ ಮಕ್ಕಳೆಲ್ಲ ಕೂತರು. ನನಗೆ ಕತ್ತರಿ ಕೊಟ್ಟರು. ಕೆಲಸ ಹೋದರೆ ಮನೆ ನಡೆಯುವುದು ಕಷ್ಟ ಎಂದು ನಾನು ನನಗೇ ಹೇಳಿಕೊಂಡೆ. ಸುಳ್ಳು. ಗಂಡನ ಸಂಬಳದಲ್ಲಿ ಹೇಗೋ ನಡೆಯುತ್ತಿತ್ತು. ನಾನು ಎದುರು ಮಾತಾಡಲಿಲ್ಲ, ಏಕೆಂದರೆ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಹುಡುಗಿ ಮೊದಲ ದಿನ ಕಾಗದ ಮುಟ್ಟದೆ ಕೂತಿದ್ದಳು. ನಾನು ಅವಳ ಪಕ್ಕಕ್ಕೆ ಹೋಗಿ, ಎಲ್ಲರೂ ಮಾಡುತ್ತಿದ್ದಾರೆ, ನೀನೂ ಮಾಡು, ದೊಡ್ಡವರಿಗೆ ಬೇಸರವಾಗುತ್ತದೆ ಎಂದೆ. ಅವಳು ಮಾಡಿದಳು. ಅವಳ ಮಲ್ಲಿಗೆಗಳು ಎಲ್ಲರಿಗಿಂತ ಚೆನ್ನಾಗಿದ್ದವು. ಮಲ್ಲಿಗೆಯ ಎಸಳು ಹೇಗೆ ತಿರುಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸಮಾರಂಭದ ದಿನ ಊರಿನ ಗಲಾಟೆಗೆ ಹೆದರಿ ಗೇಟು ಮುಚ್ಚಿ ಒಳಗೆ ಶಾಮಿಯಾನ ಹಾಕಿದ್ದರು. ಸತ್ತ ಗಿಡಗಳಿಗೆ ಕಾಗದದ ಹೂವು, ಎಲೆ ಕಟ್ಟಿ, ಎಲ್ಲವನ್ನೂ ನಕ್ಷೆಯ ಗೆರೆಯೊಳಗೆ ನಿಲ್ಲಿಸಿದ್ದರು. ಒಂದೊಂದು ಜಿಲ್ಲೆಯ ಮುಂದೆ ಒಂದೊಂದು ಮಗು ನೀರಿನ ಝಾರಿ ಹಿಡಿದು ನಿಲ್ಲಬೇಕು. ಝಾರಿಗಳು ಖಾಲಿ. ಹನಿ ಬಿದ್ದರೆ ಬಣ್ಣ ಬಿಡುತ್ತದೆ ಎಂದು ಹೆಡ್‌ಮಾಸ್ತರರು ಬೆಳಿಗ್ಗೆಯೇ ನಲ್ಲಿಗೆ ಗೋಣಿ ಸುತ್ತಿ ಕಟ್ಟಿಸಿದ್ದರು. ಮಕ್ಕಳು ಕುಡಿಯುವ ನೀರಿಗೆ ಪಕ್ಕದ ಚಾಳಿಗೆ ಓಡುತ್ತಿದ್ದರು.

ನಾಯಕರು ತಡವಾಗಿ ಬಂದರು. ಹಾರ, ಭಾಷಣ, ಮತ್ತೆ ಹಾರ. ಈ ಪರನಾಡಿನ ಉಪ್ಪು ನೆಲದಲ್ಲೂ ಕನ್ನಡದ ಹೂವು ಅರಳಿದೆ ಎಂದು ಅವರು ಹೇಳಿದಾಗ ಜೋರಾಗಿ ಚಪ್ಪಾಳೆ ಬಿತ್ತು. ಉಪ್ಪಿನ ಮಾತು ಅವರಿಗೆ ಯಾರು ಹೇಳಿದ್ದರೋ. ಆ ಮೇಲೆ ಅವರು ತೋಟದ ಬಳಿ ಬಂದು, ಇದನ್ನೆಲ್ಲ ಬೆಳೆಸಿದವರು ಯಾರು ಎಂದು ಕೇಳಿದರು. ಹೆಡ್‌ಮಾಸ್ತರರು ಆ ಹುಡುಗಿಯನ್ನು ಭುಜ ಹಿಡಿದು ಮುಂದೆ ತಂದರು. ನಾನು ನಾಲ್ಕು ಹೆಜ್ಜೆ ಹಿಂದೆ ಇದ್ದೆ.

“ಇದು ಬೆಳೆಸಿದ್ದಲ್ಲ,” ಎಂದಳು ಅವಳು, ಪಾಠ ಒಪ್ಪಿಸುವ ದನಿಯಲ್ಲಿ. “ಕಾಗದದ್ದು. ನಾವು ಬೆಳೆಸಿದ್ದನ್ನು ಇವರು ಕಿತ್ತು ಹಾಕಿದ್ರು.”

ಈಗ ಗದ್ದಲವಾಗುತ್ತದೆ ಎಂದುಕೊಂಡೆ. ಆದರೆ ಏನೂ ಆಗಲಿಲ್ಲ. ನಾಯಕರು ಫೋಟೋದವನ ಕಡೆ ಮುಖ ಮಾಡಿದ್ದರು. ಅವರ ಕೈ ಅವಳ ತಲೆಯ ಮೇಲಿತ್ತು. ಭೇಷ್, ಭೇಷ್ ಎಂದರು. ಹೆಡ್‌ಮಾಸ್ತರರು ಕೇಳಿಸದವರ ಹಾಗೆ ನಗುತ್ತಲೇ ಇದ್ದರು. ಅಷ್ಟು ಜನರ ನಡುವೆ ಅಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ಕೇಳಿಸಿಕೊಂಡವಳು ನಾನೊಬ್ಬಳೇ ಇರಬೇಕು. ನಾನು ಕೇಳಿಸಿಕೊಂಡದ್ದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದ ಮೇಜಿನ ಮೇಲೆ ಮಕ್ಕಳ ಕೆಲಸದ ಪ್ರದರ್ಶನವಿತ್ತು. ಅವಳ ನಿಸರ್ಗದ ಪುಸ್ತಕವನ್ನು ನಾನೇ ಅಲ್ಲಿಟ್ಟಿದ್ದೆ. ಇಷ್ಟಾದರೂ ಮಾಡಿದೆನಲ್ಲ ಎಂದು ನನ್ನ ಸಮಾಧಾನಕ್ಕೆ. ನಾಯಕರು ಹೊರಡುವಾಗ ಕೊಡಲು ಏನೂ ಇಲ್ಲ ಎಂದು ಹೆಡ್‌ಮಾಸ್ತರರಿಗೆ ಹೊಳೆಯಿತು. ಕೈಗೆ ಸಿಕ್ಕ ಅದೇ ಪುಸ್ತಕಕ್ಕೆ ರಿಬ್ಬನ್ ಕಟ್ಟಿ, ನಮ್ಮ ಶಾಲೆಯ ನೆನಪಿಗೆ ಎಂದು ಅವರ ಕೈಯಲ್ಲಿಟ್ಟರು. ನಾಯಕರು ಅದನ್ನು ತಮ್ಮ ಸಹಾಯಕನಿಗೆ ಕೊಟ್ಟರು. ಅವನು ಅದನ್ನು ಹಾರಗಳ ಜೊತೆ ಕಾರಿನಲ್ಲಿ ತುರುಕಿದ.

ಜನ ಚದುರಿದ ಮೇಲೆ ಹುಡುಗಿ ನನ್ನ ಹತ್ತಿರ ಬಂದಳು. ತನ್ನ ಪುಸ್ತಕ ಯಾವಾಗ ವಾಪಸು ಬರುತ್ತದೆ ಎಂದು ಕೇಳಿದಳು. ನಾನು, ಅಂಥ ದೊಡ್ಡವರ ಮನೆಗೆ ನಿನ್ನ ಪುಸ್ತಕ ಹೋದದ್ದು ನಿನಗೆ ಗೌರವ ಎಂದೆ. ಹೀಗೆಯೇ ಹೇಳಿದೆ. ಬರೆಯಲು ನಾಚಿಕೆಯಾಗುತ್ತದೆ.

“ಉಪ್ಪು ಅಂತ ನಿಮಗೆ ಗೊತ್ತಿತ್ತು ಬಾಯಿ,” ಎಂದಳು. “ಕಂಡದ್ದನ್ನೇ ಬರೀಬೇಕು ಅಂತ ಹೇಳಿದ್ದೂ ನೀವೇ. ಅವರಿಗೆಲ್ಲ ಗೊತ್ತಿರಲಿಲ್ಲ, ಹಾಗಾಗಿ ಮಾಡಿದ್ರು. ನೀವು ಗೊತ್ತಿದ್ದೂ ಮಾಡಿಸಿದ್ದಲ್ವಾ?”

ನಾನು ಆ ತನಕ ನನ್ನನ್ನು ಅವರಿಂದ ಬೇರೆ ಎಂದುಕೊಂಡಿದ್ದೆ. ಮನಸ್ಸಿನಲ್ಲಿ ಅವರನ್ನು ಎಷ್ಟು ತಿರಸ್ಕರಿಸಿದರೆ ಅಷ್ಟು ನಾನು ಒಳ್ಳೆಯವಳು ಎಂಬ ಲೆಕ್ಕ. ಅಧ್ಯಕ್ಷರನ್ನು ನೋಡುವಾಗ ನನ್ನ ಮುಖದಲ್ಲಿ ಏನಿರುತ್ತಿತ್ತೋ ಅದೇ ಈಗ ಅವಳ ಮುಖದಲ್ಲಿತ್ತು. ಅವಳು ಅಷ್ಟಾದರೂ ಅದನ್ನು ಮುಚ್ಚಿಡಲಿಲ್ಲ.

ಒಂದು ವಾರ ಒದ್ದಾಡಿ, ನಾಯಕರಿಗೆ ಒಂದು ಪತ್ರ ಬರೆದೆ. ಪುಸ್ತಕ ಆ ಹುಡುಗಿಯ ಸ್ವಂತದ್ದು, ಎರಡು ವರ್ಷದ ಶ್ರಮ, ದಯವಿಟ್ಟು ಹಿಂದಿರುಗಿಸಿ ಎಂದು. ಎರಡು ತಿಂಗಳ ಮೇಲೆ ಟೈಪು ಮಾಡಿದ ಉತ್ತರ ಬಂತು. ತಮ್ಮ ಶಾಲೆಯ ಸುಂದರ ತೋಟವನ್ನು ಕಂಡು ಸಂತೋಷವಾಯಿತು, ಮಕ್ಕಳಿಗೆ ಆಶೀರ್ವಾದಗಳು. ಪುಸ್ತಕದ ಸುದ್ದಿಯೇ ಇಲ್ಲ. ಲಕೋಟೆ ಶಾಲೆಯ ವಿಳಾಸಕ್ಕೆ ಬಂದದ್ದರಿಂದ ಹೆಡ್‌ಮಾಸ್ತರರು ಒಡೆದು ಓದಿ, ನನ್ನನ್ನು ಕರೆದು ಹೊಗಳಿ, ಅದನ್ನು ನೋಟೀಸು ಬೋರ್ಡಿಗೆ ಚುಚ್ಚಿದರು. ಹುಡುಗಿ ಅದರ ಮುಂದೆ ನಿಂತು ಓದುವುದನ್ನು ನಾನು ಕಂಡೆ. ನಾನು ಮತ್ತೊಂದು ಪತ್ರ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಕಾಗದದ ಹೂವುಗಳನ್ನು ಇಬ್ಬನಿಯೇ ತಿಂದಿತು. ಮಾರ್ಚಿನಲ್ಲಿ ಮಂಡಳಿ ಮತ್ತೆ ಸೇರಿತು. ತೋಟವನ್ನು ಶಾಶ್ವತ ಮಾಡಬೇಕು ಎಂದು ಅಧ್ಯಕ್ಷರ ಆಸೆ. ನೆಲಕ್ಕೆ ಸಿಮೆಂಟಿನ ನಕ್ಷೆ ಹಾಕಿಸಿ, ಜಿಲ್ಲೆಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಹೂವುಗಳನ್ನು ಚಿತ್ರವಾಗಿ ಬರೆಯುವುದು ಎಂದಾಯಿತು. ಆಗ ನಾನು ಎದ್ದು ನಿಂತೆ. ಮಂಡಳಿಯ ಸಭೆಯಲ್ಲಿ ನಾನು ಎದ್ದು ನಿಂತದ್ದು ಅದೊಂದೇ ಸಲ.

“ಸಿಮೆಂಟಿಗೆ ಬೇರ ಇರೂದಿಲ್ಲ. ಉಪ್ಪು ಹತ್ತೂದಿಲ್ಲ, ಮಕ್ಕಳ ಕಾಟಾನೂ ಇಲ್ಲ. ನಿಮಗ ಇಂಥಾ ತೋಟಾನ ಬೇಕಾಗಿತ್ತು.”

ಇಷ್ಟು ಹೇಳಿ, ಬೈಗುಳಕ್ಕೆ ಕಾದೆ. ಅಧ್ಯಕ್ಷರು ಮೇಜು ತಟ್ಟಿದರು.

“ನೋಡ್ರಿ, ಬಾಯಾರಿಗೇ ತಿಳೀತು. ನಾನೂ ಅದನ್ನ ಹೇಳಾಕತ್ತೀನಿ.”

ಅಧ್ಯಕ್ಷರ ಸೂಚನೆ, ನಿಸರ್ಗ ಪಾಠದ ಬಾಯಿಯವರ ಅನುಮೋದನೆ ಎಂದು ನಡಾವಳಿಯಲ್ಲಿ ದಾಖಲಾಯಿತು. ಏಪ್ರಿಲ್‌ನಲ್ಲಿ ಸಿಮೆಂಟು ಬಿತ್ತು. ಹೆಡ್‌ಮಾಸ್ತರರು ಬಿಸಿಲಿನಲ್ಲಿ ಮಂಡಿಯೂರಿ ಬಣ್ಣ ಬಳಿದರು. ಬೆಳಗಾವಿಯಲ್ಲಿ ಗುಲಾಬಿ ಬರೆಯಬೇಕಿತ್ತು. ಕೈ ಅಭ್ಯಾಸಬಲದಿಂದ ಕಮಲ ಬರೆಯಿತು. ಯಾರೂ ಗಮನಿಸಲಿಲ್ಲ.

ಹುಡುಗಿ ಏಳನೆಯ ಇಯತ್ತೆ ಪಾಸಾಗಿ ಸರ್ಟಿಫಿಕೇಟ್ ಒಯ್ಯಲು ತಂದೆಯ ಜೊತೆ ಬಂದಳು. ಬೊರಿವಲಿಯಲ್ಲಿ ಸಂಬಂಧಿಕರು ಹೋಟೆಲು ತೆರೆದಿದ್ದರು. ತಂದೆ ಅಲ್ಲಿಗೆ ಹೋಗುವವರಿದ್ದರು. ಕನ್ನಡ ಶಾಲೆ ಅಲ್ಲಿಲ್ಲ, ಹಿಂದಿ ಶಾಲೆಗೆ ಸೇರಿಸುತ್ತೇವೆ ಎಂದು ಹೇಳಿದರು. ಆಕೆ ನನಗೆ ನಮಸ್ಕಾರ ಮಾಡಿದಳು, ಹೆಡ್‌ಮಾಸ್ತರರಿಗೂ ಅಷ್ಟೇ ಬಗ್ಗಿ ಮಾಡಿದಳು. ಆ ಜೂನ್‌ನಲ್ಲಿ ನಾನು ರಾಜೀನಾಮೆ ಕೊಟ್ಟೆ. ಅದರಲ್ಲಿ ಧೈರ್ಯದ ಮಾತೇನೂ ಇಲ್ಲ. ಗಂಡನಿಗೆ ಕಾಂದಿವಲಿಯಲ್ಲಿ ದೊಡ್ಡ ಮನೆ ಸಿಕ್ಕಿತ್ತು. ಹೆಡ್‌ಮಾಸ್ತರರು ನನ್ನ ತೋಟಗಾರಿಕೆಯ ಪರಿಣತಿಯನ್ನು ಹೊಗಳಿ ಪ್ರಶಂಸಾಪತ್ರ ಕೊಟ್ಟರು. ಹೊಸ ಶಾಲೆಯಲ್ಲಿ ಅದನ್ನು ಓದಿದವರು ಒಂದು ತೋಟ ಮಾಡಿಕೊಡಿ ಎಂದರು. ನನಗೆ ಆ ಕೆಲಸ ಬರುವುದಿಲ್ಲ ಎಂದೆ. ಶನಿವಾರ ಮಕ್ಕಳನ್ನು ಖಾಡಿಯ ದಂಡೆಗೆ ಕರೆದೊಯ್ದು ಕೂರಿಸುತ್ತಿದ್ದೆ. ಅವರು ಬರೆದದ್ದನ್ನು ಯಾವ ಮೇಜಿನ ಮೇಲೂ ಇಡಲಿಲ್ಲ. ಕೆಸರಿನ ಬಟ್ಟೆ ನೋಡಿ ತಾಯಂದಿರು ದೂರು ತಂದರು. ಆ ದೂರುಗಳಿಗೆ ಮಾತ್ರ ನಾನು ಮೊದಲ ಬಾರಿಗೆ ಜಗ್ಗಲಿಲ್ಲ.

ಒಂದು ವರ್ಷದ ಮೇಲೆ ಒಂದು ಭಾನುವಾರ ಬೊರಿವಲಿಗೆ ಹೋಗಿ ಆ ಹೋಟೆಲು ಹುಡುಕಿದೆ. ಕಾಂದಿವಲಿಯಿಂದ ಒಂದೇ ಸ್ಟೇಷನ್. ಹೋಗಲು ಒಂದು ವರ್ಷ ಹಿಡಿದಿತ್ತು. ಹೋಟೆಲಿನ ಮೇಲಿನ ಕೋಣೆಯಲ್ಲಿ ಅವರ ಸಂಸಾರ. ತಾಯಿ ಕಾಫಿ ಕೊಟ್ಟು ಉಪಚರಿಸಿದರು. ಹುಡುಗಿ ಎತ್ತರವಾಗಿದ್ದಳು. ನಾನು ಒಯ್ದಿದ್ದ ಬಣ್ಣದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಪಾಟಿನ ಮೇಲೆ, ಕೈಗೆ ಎಟುಕದ ಎತ್ತರದಲ್ಲಿ ಇಟ್ಟಳು. ಶಾಲೆ ಹೇಗಿದೆ ಎಂದು ಕೇಳಿದೆ. ಅವಳ ಕನ್ನಡದಲ್ಲಿ ಆಗಲೇ ಹಿಂದಿ ಸೇರಿತ್ತು.

“ಅಚ್ಛಾ ಉಂಟು. ಅಲ್ಲಿ ತೋಟ ಇಲ್ಲ.”

ತಾಯಿಗೆ ಅದರ ಅರ್ಥ ಗೊತ್ತಾಗಲಿಲ್ಲ. ಊರಿನಲ್ಲಿ ಎಷ್ಟು ದೊಡ್ಡ ತೋಟ ಇತ್ತು ಎಂದು ಹೇಳತೊಡಗಿದರು. ನನ್ನನ್ನು ಸ್ಟೇಷನ್ನಿಗೆ ಬಿಟ್ಟು ಬಾ ಎಂದು ಮಗಳನ್ನು ಕಳಿಸಿದರು. ದಾರಿಯಲ್ಲಿ ನಾನು, ನೀನು ಅಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ನೀನು ಹೇಳಿದ್ದು ಸರಿ, ನಾನು ಗೊತ್ತಿದ್ದೂ ಮಾಡಿಸಿದೆ ಎಂದೆ. ಗೊತ್ತುಂಟು ಬಾಯಿ ಎಂದಳು. ನಾನು ಇನ್ನೂ ಏನಾದರೂ ಬರಬಹುದೆಂದು ಕಾದೆ. ಅವಳ ಮಾತು ಅಲ್ಲಿಗೆ ಮುಗಿದಿತ್ತು.

ಲೋಕಲ್ ಬಂತು. ಹೆಂಗಸರ ಡಬ್ಬಿಗೆ ಹತ್ತಿ ಕಿಟಕಿಯ ಬಳಿ ಜಾಗ ಹಿಡಿದು ಹೊರಗೆ ನೋಡಿದೆ. ಗಾಡಿ ಹೊರಡುವ ಮೊದಲೇ ಅವಳು ಪ್ಲಾಟ್‌ಫಾರ್ಮಿನ ತುದಿಯ ಮೆಟ್ಟಿಲು ಹತ್ತುತ್ತಿದ್ದಳು.